ಮುಳುಗಿದ ನಿಧಿಯೂ ರಸವಿಚಾರವೂ

ಕಾವ್ಯವನ್ನು ವಿಮರ್ಶಿಸುವ ಕ್ರಮದಿಂದಲೇ ಒಂದು ವಸ್ತುಸಂಗ್ರಹಾಲಯವನ್ನು ವಿಮರ್ಶಿಸಬಹುದೆ ಎಂದು ವಾಚಕಮಹಾಶಯರು ಕೇಳಬಹುದು. ಆಗಬಹುದೆಂದೇ ನಮ್ಮ ಮತ. ಕವಿಯು ಶಬ್ದಾರ್ಥಗಳನ್ನು ಆರಿಸಿ ಜೋಡಿಸುವಂತೆಯೇ ಸಂಗ್ರಹಕಾರನು ವಸ್ತುಗಳನ್ನು ಆರಿಸಿ ಜೋಡಿಸುತ್ತಾನೆ. ಯಾವುದನ್ನು ಮುಂದಿಡಬೇಕು, ಯಾವುದನ್ನು ಹಿಂದಿಡಬೇಕೆಂಬ ಔಚಿತ್ಯವಿಚಾರವು ಇಬ್ಬರಿಗೂ ತಪ್ಪಿದ್ದಲ್ಲ. ಅಮೆರಿಕಾ ದೇಶದ ಫ್ಲಾರಿಡಾ ಪ್ರಾಂತದ ತೆಂಕಣ ತುದಿಯಲ್ಲಿ, ಕೀ ವೆಸ್ಟ್ ಎಂಬ ಪುಟ್ಟ ದ್ವೀಪದಲ್ಲಿ, ಮೆಲ್ ಫಿಷರ್ ಎಂಬವನ ಹೆಸರಿನ ನೌಕಾವಸ್ತುಸಂಗ್ರಹಾಲಯವೊಂದಿದೆ. ಮಗನ ಸಂಸಾರದೊಡನೆ ಅದನ್ನು ನೋಡುವ ಅವಕಾಶವು ನಮಗೆ ಒದಗಿದ್ದರಿಂದ ಈ ಕೆಲವು ಮಾತುಗಳು.

೧೬೨೨ನೆಯ ಇಸವಿಯ ಸೆಪ್ಟೆಂಬರ್ ೪ರಂದು ಸ್ಪೇನ್ ದೊರೆಯ ೨೮ ಹಡಗುಗಳು ಹವಾನಾ ರೇವಿನಿಂದ ಸ್ವದೇಶಕ್ಕೆ ಹೊರಟವು. ‘ಅತೋಚಾ’ ಎಂಬುದು ಅವುಗಳ ಹಿಂಗಾವಲಿನ ಹಡಗು. ಅದರ ಒಡಲಿನಲ್ಲಿ ಸುಮಾರು ೨೪ ಟನ್ ಬೆಳ್ಳಿ, ೧೨೫ ಚಿನ್ನದ ಗಟ್ಟಿಬಿಲ್ಲೆಗಳು, ೩೫೦ ಪೆಟ್ಟಿಗೆ ನೀಲಿ, ೫೨೫ ಮೂಟೆ ಹೊಗೆಸೊಪ್ಪು. ಎರಡೇ ದಿನಗಳಲ್ಲಿ ಚಂಡಮಾರುತಕ್ಕೆ ಸಿಕ್ಕಿ, ದಿಬ್ಬಕ್ಕೆ ಬಡಿದು ಮುಳುಗಿತು. ೨೬೫ ಜನರಲ್ಲಿ ಉಳಿದವರು ಐವರು; ಮೂವರು ನಾವಿಕರು, ಇಬ್ಬರು ಗುಲಾಮರು. ಹಿಂಬದಿಯ ಕೂವೆಮರವನ್ನು ಅಪ್ಪಿಕೊಂಡಿದ್ದುದರಿಂದ ಅವರಿಗೆ ಪ್ರಾಣವುಳಿಯಿತು. ಮರುತಿಂಗಳೇ ಇನ್ನೊಂದು ಬಿರುಗಾಳಿಯು ಬೀಸಿ ಹಡಗಿನ ಅವಶೇಷಗಳನ್ನು ಚೆಲ್ಲಾಪಿಲ್ಲಿಯಾಗಿ ಮಾಡಿತು.

ಫಿಷರನು ಇದನ್ನು ೧೯೬೯ರಿಂದ ಹದಿನಾರು ವರ್ಷ ಹುಡುಕಿದನು. ೧೯೭೫ರ ಜುಲೈ ೨೦ರಂದು ಅವನ ಮಗನೂ ಸೊಸೆಯೂ ಇನ್ನೊಬ್ಬ ಮುಳುಗುಗಾರನೂ ದೋಣಿ ಮಗುಚಿ ಸತ್ತರು. ಸರಿಯಾಗಿ ಹತ್ತು ವರ್ಷದ ಮೇಲೆ ಅದೇ ದಿನವೇ ಮುಖ್ಯ ರಾಶಿಯು ದೊರೆಯಿತು. ಆದರೆ ಈ ಕಥೆಯಲ್ಲಿ ನಮಗೆ ಪ್ರಿಯನಾದವನು ಫಿಷರನಲ್ಲ, ಯೂಜೀನ್ ಲಯನ್ ಎಂಬ ಇತಿಹಾಸಪಂಡಿತನು. ಸೆವಿಲ್ಲೆ ನಗರದ ದಫ್ತರಖಾನೆಯಲ್ಲಿ ಹಳೆಯ ಸ್ಪಾನಿಷ್ ಕಾಗದಪತ್ರಗಳನ್ನು ಅಕ್ಷರಶಃ ಓದಿ, ಹಡಗು ಮುಳುಗಿದ್ದು ಎಲ್ಲರೂ ತಿಳಿದಿದ್ದ ಮಟೆಕುಂಬೆಯ ಬಳಿಯಲ್ಲಲ್ಲ, ಬಹುದೂರ ಪಶ್ಚಿಮದ ಮಾರ್ಕೆಸಾಸ್ ದ್ವೀಪಗಳ ಬಳಿಯಲ್ಲಿ ಎಂದು ಅವನು ತೋರಿಸಿಕೊಟ್ಟನು. ೧೯೭೩ರಲ್ಲಿ ದೊರೆತ ಬೆಳ್ಳಿಯ ಗಟ್ಟಿಗಳ ಮೇಲಿನ ಅಂಕೆಯೂ ತೂಕವೂ ಸರಕುಪಟ್ಟಿಗೆ ತಾಳೆಯಾದವು. ಒಂದು ಪಾಠವನ್ನು ತಿದ್ದಿದ್ದರಿಂದ ಹಡಗೇ ಸಿಕ್ಕಿತು! ಗ್ರಂಥಸಂಪಾದನೆಯನ್ನು ನಿಷ್ಪ್ರಯೋಜಕವೆನ್ನುವವರು ಇದನ್ನು ಗಮನಿಸಬೇಕು.

ಇನ್ನು ವಸ್ತುಗಳು. ಕೊಂಡಿ ಕೊಂಡಿಯಾಗಿ ಕಳಚಬಹುದಾದ ಚಿನ್ನದ ಸರಗಳಿವೆ. ದೊರೆಗೆ ಸಲ್ಲಬೇಕಾದ ಐದನೆಯ ಒಂದು ಪಾಲು ಸುಂಕವು ಗಟ್ಟಿಗೆ ಬೀಳುತ್ತಿತ್ತೇ ಹೊರತು ಆಭರಣಕ್ಕಲ್ಲವಂತೆ. ಪಚ್ಚೆಗಳಿವೆ, ಸರಕುಪಟ್ಟಿಯಲ್ಲಿ ಅವುಗಳ ಸೊಲ್ಲೇ ಇಲ್ಲ. ಎಲ್ಲವೂ ಕಳ್ಳಸರಕು. ವಿಷವನ್ನು ಪರಿಹರಿಸುವುದೆಂದು ನಂಬಿದ್ದ ಪಶುಗರ್ಭದ ಕಲ್ಲನ್ನು ಕೂರಿಸುವುದಕ್ಕೆಂದು ಮಾಡಿದ ಚಿನ್ನದ ಬಟ್ಟಲೊಂದಿದೆ. ನಮ್ಮ ವೈದ್ಯರ ಗೋರೋಚನವು ನೆನಪಾಗದಿರದು. ಇದೆಲ್ಲವೂ ಅದ್ಭುತರಸಕ್ಕೆ ತಕ್ಕ ವಿಭಾವಗಳೇ. ಭಾರವಾದ ಚಿನ್ನದ ಗಟ್ಟಿಯೊಂದನ್ನು ನೋಡುವವರು ಕೈಹಾಕಿ ಎತ್ತುವಂತೆ ಬಹುಕಾಲ ಇಟ್ಟಿದ್ದರು. ೨೦೧೦ರಲ್ಲಿ ಅದನ್ನು ಕದ್ದೊಯ್ದರು. ೨೦೧೮ರಲ್ಲಿ ಇಬ್ಬರಿಗೆ ಅಪರಾಧ ಸ್ಥಿರಪಟ್ಟಿತು. ರಸಾಸ್ವಾದಕ್ಕೆ ಬದಲಾಗಿ ಆಸೆಯನ್ನೇ ಉದ್ದೀಪಿಸಿದರೆ ಆಗುವುದು ಹೀಗೆಯೇ.

ನಿಧಿಯ ಬಹುಭಾಗವು ಬಂಡವಾಳ ಹೂಡಿದವರಿಗೆ ಹಂಚಿಹೋಯಿತು. ೧೯೮೮ರಲ್ಲಿ ನ್ಯೂಯಾರ್ಕಿನಲ್ಲಿ ಏಲಾಮಾಯಿತು. ನಾಣ್ಯಗಳು ಇಂದಿಗೂ ಕೊರಳ ಪದಕಗಳಾಗಿ ವಿಕ್ರಯಕ್ಕಿವೆ. ಜೀವವನ್ನೂ ಹಣವನ್ನೂ ತೆತ್ತವನಿಗೆ ಪಾಲು ಬೇಡವೆ ಎಂಬ ವಾದವು ಹಗುರವಾದುದಲ್ಲ. ಆದರೂ ಒಂದು ತಾಳೆಯೋಲೆಯ ಗ್ರಂಥವನ್ನು ಹುಡುಕಿ ತೆಗೆದವನು ಅದರ ಗರಿಗಳನ್ನು ಬಿಡಿಬಿಡಿಯಾಗಿ ಮಾರಿದರೆ, ಶೋಧಕನೆಂದು ಅವನನ್ನು ಎಷ್ಟು ಹೊಗಳುವುದು? ಜಲಗರ್ಭದ ಪುರಾವಸ್ತುಗಳನ್ನು ವ್ಯಾಪಾರಕ್ಕಿಡಬಾರದೆಂದು ೨೦೦೧ರಲ್ಲಿ ಯುನೆಸ್ಕೋ ಒಪ್ಪಂದವು ವಿಧಿಸಿರುವುದು ಈ ಕಾರಣದಿಂದಲೇ.

ನಮ್ಮ ಮುಖ್ಯವಾದ ಆಕ್ಷೇಪಣೆಯು ಇದಲ್ಲ. ಅತೋಚಾವನ್ನು ಹುಡುಕುತ್ತಿದ್ದ ಫಿಷರನ ಜನರಿಗೆ ೧೯೭೨ರಲ್ಲಿಯೇ ಬೇರೊಂದು ಹಡಗು ಎದುರಾಗಿತ್ತು. ಸಿಕ್ಕಿದ್ದು ಚಿನ್ನವಲ್ಲ, ಕಬ್ಬಿಣದ ಸಂಕೋಲೆಗಳು. ಸ್ಪೇನಿನ ನಿಧಿಯಲ್ಲವೆಂದು ಅದನ್ನು ಹಾಗೆಯೇ ಬಿಟ್ಟುಹೋದರು. ೧೯೮೩ರಲ್ಲಿ ಮತ್ತೆ ಶೋಧಿಸಿದಾಗ ಹಡಗಿನ ಹೆಸರನ್ನೂ ೧೬೯೯ ಎಂಬ ಇಸವಿಯನ್ನೂ ಕೆತ್ತಿದ ಘಂಟೆಯು ದೊರೆಯಿತು. ಅದು ‘ಹೆನ್ರಿಯೆಟ್ಟಾ ಮೇರಿ’ ಎಂಬ ಇಂಗ್ಲಿಷ್ ಗುಲಾಮಹಡಗು. ಆಫ್ರಿಕದಿಂದ ತಂದ ಸುಮಾರು ೧೯೦ ಜನರನ್ನು ೧೭೦೦ರಲ್ಲಿ ಜಮೈಕಾದಲ್ಲಿ ಮಾರಿ, ಹಿಂದಿರುಗುವಾಗ ಮುಳುಗಿತು. ಎಂಬತ್ತಕ್ಕೂ ಮಿಕ್ಕಿದ ಜೊತೆ ಸಂಕೋಲೆಗಳು ದೊರೆತಿವೆ. ಕೆಲವು ಬಹಳ ಚಿಕ್ಕವು. ಮಕ್ಕಳ ಕೈಗಳ ಅಳತೆಯವು.

ಈ ಎರಡು ಹಡಗುಗಳೂ ಒಂದೇ ಸಂಗ್ರಹಾಲಯದ ಪಾಲಿಗೆ ಬಂದಿವೆ. ಪ್ರಬಂಧದಲ್ಲಿ ಒಂದು ರಸವು ಅಂಗಿಯೂ ಮಿಕ್ಕವು ಅಂಗಗಳೂ ಆಗಬೇಕೆಂದು ಆನಂದವರ್ಧನನು ವಿಧಿಸಿರುವನಷ್ಟೆ. ಇಲ್ಲಿ ಅದ್ಭುತವು ಸಿಂಹಾಸನವನ್ನೇರಿದೆ. ಕರುಣವು ಅದರ ಪರಿಚಾರಕನಂತೆ ಪಕ್ಕದಲ್ಲಿ ನಿಂತಿದೆ. ಇದು ತಾರುಮಾರಾಗಬೇಕಿತ್ತು. ಏಕೆಂದರೆ ಚಿನ್ನಬೆಳ್ಳಿಗಳ ಧ್ವನ್ಯರ್ಥವು ಕಬ್ಬಿಣದಲ್ಲಿದೆ. ಅತೋಚಾದ ಬೆಳ್ಳಿಯಲ್ಲಿ ಹೆಚ್ಚಿನದು ಇಂದಿನ ಬೊಲಿವಿಯಾದ ಪೊತೋಸಿ ಬೆಟ್ಟದ್ದು. ಅದನ್ನು ಅಗೆದವರಲ್ಲಿ ಸರದಿಯ ಮೇಲೆ ಬಲಾತ್ಕಾರದಿಂದ ಗಣಿಗಿಳಿಸಲ್ಪಟ್ಟ ಮೂಲನಿವಾಸಿಗಳಿದ್ದರು. ಪ್ರತಿಯೊಂದು ಬೆಳ್ಳಿಯ ಗಟ್ಟಿಗೂ ಅಂಕೆಯುಂಟು, ತೂಕವುಂಟು, ಯಜಮಾನನ ಗುರುತುಂಟು. ಜಮೈಕಾದಲ್ಲಿ ಮಾರಲ್ಪಟ್ಟ ಆ ೧೯೦ ಜನರ ಹೆಸರುಗಳು ಉಳಿದಿಲ್ಲ. ಸಮುದ್ರವನ್ನು ಕಡೆದಾಗ ಲಕ್ಷ್ಮಿಗಿಂತ ಮೊದಲು ಹಾಲಾಹಲವೇ ಎದ್ದಿತೆಂದು ಪುರಾಣವು ಹೇಳುತ್ತದೆ. ಈ ಕಡಲಿನಲ್ಲಿಯೂ ಸಂಕೋಲೆಗಳು ಮೊದಲು ಬಂದವು, ನಿಧಿಯ ರಾಶಿ ಆಮೇಲೆ. ಸಂಗ್ರಹಾಲಯದ ಕಥನಕ್ರಮವೂ ಅದೇ ಆಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ನ್ಯಾಯವಾಗಿ ಹೇಳಬೇಕಾದುದು ಒಂದುಂಟು. ಆ ಕಬ್ಬಿಣವನ್ನು ಮಾರದೆ ಕಾಪಾಡಿ, ವಿದ್ವಾಂಸರಿಂದ ಅಭ್ಯಾಸಮಾಡಿಸಿ, ೧೯೯೫ರಿಂದ ಊರೂರಿಗೆ ಪ್ರದರ್ಶನವಾಗಿ ಕಳುಹಿಸಿದವರೂ ಈ ಸಂಗ್ರಹಾಲಯದವರೇ. ಅದಕ್ಕೆ ಎರಡು ವರ್ಷ ಮುಂಚೆ, ೧೯೯೩ರಲ್ಲಿ, ಕರಿಯ ಜನಾಂಗದ ಮುಳುಗುಗಾರರ ಸಂಘದವರು ಹಡಗು ಮುಳುಗಿದ ಸ್ಥಳಕ್ಕೆ ಇಳಿದು ಕಡಲ ತಳದಲ್ಲಿ ಒಂದು ಸ್ಮಾರಕಫಲಕವನ್ನು ನೆಟ್ಟರು. ಅದನ್ನು ಓದಬೇಕಾದವರು ನೀರಿಗಿಳಿಯಬೇಕು.