ಯಾರ ಕಣ್ಣಿಗೆ ಬಣ್ಣ?

ಅತ್ತೆಯವರ ಕೋಣೆಗೆ ತಿಳಿಹಸಿರೋ ಕೆನೆಬಣ್ಣವೋ ಎಂದು ನಮ್ಮನೆಯಲ್ಲಿ ವಾರವೆಲ್ಲ ಚರ್ಚೆ. ಶೇಡ್ ಕಾರ್ಡಿನಲ್ಲಿ ಹಸಿರೇ ಚೆಂದವಿತ್ತು. ಬಾಗಿಲ ಪಕ್ಕದ ಗೋಡೆಗೆ ಎರಡನ್ನೂ ಮೊರದಗಲ ಬಳಿಸಿದೆ. ಉತ್ತರದ ಕಿಟಕಿಯ ತಣ್ಣನೆಯ ಬೆಳಕಿನಲ್ಲಿ ಹಸಿರು ಮಂಕಾಯಿತು, ಕೆನೆ ಬೆಚ್ಚಗೆ ಕಂಡಿತು. ಕೆನೆಯೇ ಗೆದ್ದಿತು ಎಂದುಕೊಂಡೆ.

ಸಂಜೆ ಅತ್ತೆ ಆ ಕೆನೆಯ ಮೇಲೆ ಕೈಯಿಟ್ಟು ತಳ್ಳುತ್ತ, "ಬಾಗಿಲು ಯಾಕಮ್ಮಾ ತೆರೀತಿಲ್ಲ?" ಎಂದರು. ನಮ್ಮ ಬಾಗಿಲೂ ಕೆನೆಬಣ್ಣದ್ದೇ. ಕಣ್ಣಿಗೆ ಪೊರೆ ಬಂದರೆ ಎಲ್ಲಕ್ಕೂ ಮಬ್ಬು ಹಳದಿ ಕವಿಯುತ್ತದೆ; ತಿಳಿಬಣ್ಣಗಳು ಒಂದರೊಳಗೊಂದು ಕರಗುತ್ತವೆ. ತಿಳಿಹಸಿರು ಬಳಿದಿದ್ದರೂ ಹೆಚ್ಚೇನೂ ವ್ಯತ್ಯಾಸವಾಗುತ್ತಿರಲಿಲ್ಲ. ಕೊನೆಗೆ ಗೋಡೆಗೆ ಕೆನೆಯನ್ನೇ ಉಳಿಸಿ, ಬಾಗಿಲಿಗೂ ಚೌಕಟ್ಟಿಗೂ ಕಡುಕಂದು ಬಳಿಸಿದೆವು.

ಬಂದುಹೋಗುವವರು ಮೆಚ್ಚಲೆಂದು ಬಣ್ಣ ಆರಿಸುತ್ತೇವೆ. ಕೋಣೆಯಲ್ಲಿ ಬಾಳುವವರ ಕಣ್ಣನ್ನು ಕೇಳುತ್ತೇವೆಯೇ? ವಾರವೆಲ್ಲ ವಾದಿಸಿದ ನಾನೂ ಕೇಳಿರಲಿಲ್ಲ.