ಹಾಲಿಗೆ ಬಿದ್ದ ಮಜ್ಜಿಗೆ

ಬೆರಕೆ ಮಾತನ್ನು ಕಂಡರೆ ಮೂಗು ಮುರಿಯುವವರು ಇವತ್ತು ನಿನ್ನೆಯವರಲ್ಲ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ 'ಕವಿರಾಜಮಾರ್ಗ'ದಲ್ಲೇ, ಎಂದರೆ ಒಂಬತ್ತನೆಯ ಶತಮಾನದಲ್ಲೇ, ಶ್ರೀವಿಜಯ ಕವಿಗಳಿಗೆ ಎಚ್ಚರಿಕೆ ಕೊಟ್ಟಿದ್ದಾನೆ. ಸಂಸ್ಕೃತದ ಪದಕ್ಕೂ ಕನ್ನಡದ ಪದಕ್ಕೂ ಹೇಗೆಂದರೆ ಹಾಗೆ ಗಂಟು ಹಾಕಿ ಸಮಾಸ ಮಾಡಿದರೆ, ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತಾಗುತ್ತದೆ ಎಂಬುದು ಅವನ ಮಾತಿನ ಸಾರ. ಹನ್ನೆರಡನೆಯ ಶತಮಾನದ ಆರಂಭದಲ್ಲಿ 'ಧರ್ಮಾಮೃತ' ಬರೆದ ನಯಸೇನನೂ ಇದೇ ಜಾಡಿನವನು. ಕನ್ನಡದ ನಡುವೆ ಸಂಸ್ಕೃತವನ್ನು ತುರುಕುವುದು ತುಪ್ಪಕ್ಕೆ ಎಣ್ಣೆ ಬೆರೆಸಿದ ಹಾಗೆ ಎನ್ನುತ್ತಾನೆ ಆತ.

ಇಬ್ಬರೂ ದೊಡ್ಡ ಪಂಡಿತರು. ಆದರೆ ಹೋಲಿಕೆ ಬೇಕಾದಾಗ ಇಬ್ಬರೂ ಬಂದದ್ದು ನಮ್ಮ ಅಡುಗೆಮನೆಗೇ! ಬಂದವರು ಇನ್ನೊಂದು ಗಳಿಗೆ ನಿಂತು ನೋಡಿದ್ದರೆ ಚೆನ್ನಾಗಿತ್ತು. ಕುದಿಯುವ ಹಾಲಿಗೆ ಮಜ್ಜಿಗೆ ಬಿದ್ದರೆ ಹಾಲು ಒಡೆಯುತ್ತದೆ, ನಿಜ. ಅದೇ ಹಾಲನ್ನು ಇಳಿಸಿ, ಉಗುರುಬೆಚ್ಚಗಾದ ಮೇಲೆ ಅದೇ ಮಜ್ಜಿಗೆಯನ್ನು ಒಂದು ಚಮಚ ಹಾಕಿ ಮುಚ್ಚಿಟ್ಟರೆ ಬೆಳಗಾಗುವುದರೊಳಗೆ ಗಟ್ಟಿ ಮೊಸರು. ಹಾಲೂ ಅದೇ, ಮಜ್ಜಿಗೆಯೂ ಅದೇ, ಹದ ಮಾತ್ರ ಬೇರೆ. ಆದ್ದರಿಂದ ಒಂದು ಮಾತಿನಲ್ಲಿ ಎರಡು ಭಾಷೆ ಬೆರೆತಿದೆಯೋ ಇಲ್ಲವೋ ಎಂದು ಕೇಳಿದರೆ ಪ್ರಯೋಜನವಿಲ್ಲ. ಯಾರು, ಯಾರ ಮುಂದೆ, ಯಾತಕ್ಕಾಗಿ ಬೆರೆಸಿದರು ಎಂದು ಕೇಳಬೇಕು.

ಬೆರೆಯದ ಭಾಷೆ ನಮ್ಮಲ್ಲಿ ಎಲ್ಲಿದೆ ಹೇಳಿ? 'ರಜಾ ಅರ್ಜಿಯನ್ನು ಶುದ್ಧ ಕನ್ನಡದಲ್ಲಿ ಬರೆಯಿರಿ' ಎಂದು ನಾವು ಉಪಾಧ್ಯಾಯರು ಮಕ್ಕಳಿಗೆ ಹೇಳುತ್ತೇವೆ. 'ರಜಾ' ನಮ್ಮದಲ್ಲ, 'ಅರ್ಜಿ'ಯೂ ನಮ್ಮದಲ್ಲ. ಹಾಜರಿ, ದಾಖಲೆ, ತಾಲ್ಲೂಕು, ಜಿಲ್ಲೆ ಎಲ್ಲವೂ ಅರಬ್ಬಿ-ಪಾರಸಿಯ ಕಡೆಯಿಂದ ಬಂದು ನಮ್ಮ ಕಚೇರಿಗಳಲ್ಲಿ ಕುಳಿತವು. ಧಾರವಾಡದ ಕಡೆಯವರ ಚಾವಿ, ಪಗಾರ, ಬಟಾಟೆಗಳು ಪೋರ್ಚುಗೀಸರ ಬಳುವಳಿ. ಹಳೇ ಮೈಸೂರಿನವರು ಬೀಗದ ಕೈ, ಸಂಬಳ ಎನ್ನುತ್ತಾರೆ. 1956ರ ನವೆಂಬರ್ ಒಂದರಂದು ನಾವೆಲ್ಲ ಒಂದೇ ರಾಜ್ಯವಾದಾಗ ಒಬ್ಬೊಬ್ಬರ ಗಂಟಿನಲ್ಲೂ ಒಂದೊಂದು ಬಗೆಯ ಬೆರಕೆಯಿತ್ತು: ಮುಂಬೈ ಕಡೆಯವರಲ್ಲಿ ಮರಾಠಿ, ಹೈದರಾಬಾದ್ ಕಡೆಯವರಲ್ಲಿ ಉರ್ದು, ಮೈಸೂರಿನವರಲ್ಲಿ ಇಂಗ್ಲಿಷು, ತಮಿಳು, ತೆಲುಗು, ಕರಾವಳಿಯವರಲ್ಲಿ ತುಳು, ಕೊಂಕಣಿ. ಅದರಿಂದ ಕನ್ನಡ ಕೆಟ್ಟುಹೋಗಲಿಲ್ಲ.

ಕೆಡದಿರುವುದಕ್ಕೆ ಕಾರಣವೂ ಇದೆ. ಬಂದ ಪದವನ್ನು ಕನ್ನಡ ತನ್ನ ಮನೆಯ ರೀತಿಗೆ ಒಗ್ಗಿಸಿಕೊಳ್ಳುತ್ತದೆ. 'ಬಸ್' ಬಂದರೆ ಕೊನೆಗೆ ಒಂದು ಉಕಾರ ಹಚ್ಚಿ 'ಬಸ್ಸು' ಮಾಡಿ, ಬಸ್ಸಿಗೆ, ಬಸ್ಸಿನಲ್ಲಿ ಎಂದು ವಿಭಕ್ತಿಯ ಸೆರಗು ಹೊದಿಸುತ್ತದೆ. ಕ್ರಿಯಾಪದ ಬಂದರೆ 'ಮಾಡು', 'ಆಗು' ಎಂಬ ನಮ್ಮ ಇಬ್ಬರು ಹಳೆಯ ಆಳುಗಳು ಹೊತ್ತುಕೊಳ್ಳುತ್ತಾರೆ. 'ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮಾ' ಎಂಬ ವಾಕ್ಯದಲ್ಲಿ ಇಂಗ್ಲಿಷಿನದು ಒಂದೇ ಪದ. ವ್ಯಾಕರಣವೂ ಕನ್ನಡದ್ದು, ಸೊಸೆಗೆ ಹೇಳುವ ಆ ಬುದ್ಧಿವಾದವೂ ಅಚ್ಚ ನಮ್ಮದೇ!

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಕುಪ್ವಾಡ ಎಂಬ ಊರಿದೆ. ಅಲ್ಲಿಯ ಮಾತನ್ನು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು ಅಧ್ಯಯನ ಮಾಡಿ 1971ರಲ್ಲಿ ಪ್ರಕಟಿಸಿದರು. ಕನ್ನಡ, ಮರಾಠಿ, ಉರ್ದು, ತೆಲುಗು ಆಡುವ ಜನ ಶತಮಾನಗಳಿಂದ ಅಕ್ಕಪಕ್ಕದಲ್ಲಿ ಬಾಳಿದ ಊರು ಅದು. 'ಸೊಪ್ಪು ಒಂಚೂರು ಕೊಯ್ದು ತಗೊಂಡು ಬಂದೆ' ಎನ್ನುವಂಥ ಮಾತನ್ನು ಕನ್ನಡದವರು, ಮರಾಠಿಯವರು, ಉರ್ದುವಿನವರು ಬೇರೆ ಬೇರೆ ಪದಗಳಲ್ಲಿ ಆಡಿದರೂ ವಾಕ್ಯದ ಹೆಣಿಗೆ ಪದಕ್ಕೆ ಪದ ಒಂದೇ ಆಗಿಬಿಟ್ಟಿತ್ತಂತೆ. ಹಾಗೆಂದು ಯಾರೂ ತಮ್ಮ ಮನೆಮಾತನ್ನು ಬಿಟ್ಟಿರಲಿಲ್ಲ. ಹಿತ್ತಲ ಬೇಲಿಯ ಆಚೆ ಈಚೆ ನಿಂತು ಮಾತಾಡುವ ಜನ ಬೇಲಿಯನ್ನೂ ಉಳಿಸಿಕೊಂಡು, ದಾರಿಯನ್ನೂ ಮಾಡಿಕೊಂಡರು. ಹದವಾದ ಹೆಪ್ಪು ಎಂದರೆ ಇದು.

ನಮ್ಮ ಸಾಹಿತ್ಯವೂ ಇಂಥ ಮನೆಗಳಿಂದಲೇ ಬಂದದ್ದು. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿ ಮತ್ತು ಪು.ತಿ.ನ. ಅವರದು ತಮಿಳು, ಪಂಜೆ ಮಂಗೇಶರಾಯರು, ಗೋವಿಂದ ಪೈ, ಗಿರೀಶ ಕಾರ್ನಾಡರದು ಕೊಂಕಣಿ. ಹಾಸನದ ಬಾನು ಮುಷ್ತಾಕ್ ಅವರ ಮನೆಮಾತು ದಖನಿ ಉರ್ದು. ಅವರ ಕನ್ನಡ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅನುವಾದದಲ್ಲಿ ಎಷ್ಟೋ ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಅಡಿಟಿಪ್ಪಣಿಯಿಲ್ಲದೆ ಹಾಗೆಯೇ ಉಳಿಸಿದ್ದಾರೆ. ಓದುವವರು ಬೇಕಾದರೆ ಎರಡು ಹೆಜ್ಜೆ ಮುಂದೆ ಬರಲಿ ಎಂಬ ಧೈರ್ಯ ಅದು. ಮನೆಯೊಳಗಿನ ಹೆಂಗಸರ ಮಾತು ತನ್ನ ಬೆರಕೆಯ ಸಮೇತ ಪ್ರಪಂಚದ ಮುಂದೆ ನಿಂತಿತಲ್ಲ ಎಂದು ನನಗೆ ಸಂತೋಷವಾಯಿತು.

ಆದರೆ ಬೆರಕೆಯನ್ನು ನಮ್ಮ ರಂಗಭೂಮಿ, ಸಿನಿಮಾ, ಧಾರಾವಾಹಿಗಳು ಬಳಸಿಕೊಂಡ ರೀತಿಯ ಬಗ್ಗೆ ನನಗೊಂದು ತಕರಾರಿದೆ. ಮೊದಲು ಇದನ್ನು ಜೋರಾಗಿ ಮಾಡಿದವರು ಟಿ.ಪಿ. ಕೈಲಾಸಂ. ಕಂಪನಿ ನಾಟಕಗಳ ಗ್ರಾಂಥಿಕ ಭಾಷೆಯ ಜಾಗಕ್ಕೆ ಅವರು ಬೆಂಗಳೂರು-ಮೈಸೂರಿನ ಓದಿದ ಮನೆಗಳ ಇಂಗ್ಲಿಷು ಬೆರೆತ ಆಡುಮಾತನ್ನು ತಂದರು. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆ ನಗುವಿನೊಳಗೆ ಚುಚ್ಚುವ ಮುಳ್ಳಿತ್ತು. 'ಟೊಳ್ಳುಗಟ್ಟಿ'ಯಲ್ಲಿ ಪರೀಕ್ಷೆಯಲ್ಲಿ ಜಾಣನಾದ ಮಗ ಮನೆಯ ಕಷ್ಟಕ್ಕೆ ಒದಗುವುದಿಲ್ಲ, ಓದಿನಲ್ಲಿ ಹಿಂದುಳಿದವನೇ ಒದಗುತ್ತಾನೆ. ನಗೆಗೀಡಾಗುವುದು ವಿದ್ಯೆಯ ಜಂಬವೇ ಹೊರತು ವಿದ್ಯೆಯಿಲ್ಲದವರ ಬಾಯಲ್ಲ. ಕೈಲಾಸಂ ದೊಡ್ಡವರು ಎನ್ನುವುದಕ್ಕೆ ನನಗೆ ಇದೇ ಕಾರಣ.

ಅವರ ಹಿಂದೆ ಬಂದ ಅಗ್ಗದ ಹಾಸ್ಯ ಆ ಮುಳ್ಳನ್ನು ತಿರುಗಿಸಿಬಿಟ್ಟಿತು. ಟಿ.ವಿ. ಹಾಕಿ ನೋಡಿ. ಹಳ್ಳಿಯಿಂದ ಬಂದ ಅತ್ತೆಯೋ ಮನೆಗೆಲಸದವಳೋ ಇಂಗ್ಲಿಷ್ ಪದವೊಂದನ್ನು ತಪ್ಪಾಗಿ ಉಚ್ಚರಿಸುತ್ತಾಳೆ. ಕೂಡಲೇ ಹಿನ್ನೆಲೆಯಲ್ಲಿ ನಗೆಯ ಸಂಗೀತ! ಅದೇ ಮನೆಯ ಮಗ ಅಲ್ಪಪ್ರಾಣ ಮಹಾಪ್ರಾಣ ತಿಳಿಯದೆ, 'ಳ'ಕಾರ ಹೊರಳದೆ ಕನ್ನಡ ಮಾತಾಡುತ್ತಾನೆ. ಅವನಿಗೆ ಯಾವ ಸಂಗೀತವೂ ಇಲ್ಲ, ಅದು ಸ್ಟೈಲು. ಇಂಗ್ಲಿಷ್ ತಪ್ಪಿದರೆ ಪೆದ್ದುತನ, ಕನ್ನಡ ತಪ್ಪಿದರೆ ನಾಗರಿಕತೆ ಎಂಬ ಈ ತಕ್ಕಡಿಯನ್ನು ಯಾರು ಮಾಡಿದರು? ಅದರ ಮುಂದೆ ದಿನವೂ ಕೂತು ನಗುವವರಲ್ಲಿ ಹೆಚ್ಚಿನವರು ನಾವೇ ಹೆಂಗಸರು ಎಂಬುದು ಇನ್ನೂ ಬೇಸರದ ಸಂಗತಿ.

ಇದು ಬರಿಯ ನಗುವಿನ ವಿಷಯವೂ ಅಲ್ಲ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗಿಯೊಬ್ಬಳ ತಾಯಿ ಶಾಲೆಗೆ ಬಂದಿದ್ದರು. ಮಗಳ ಅಂಕಪಟ್ಟಿ ಕೇಳುವುದಕ್ಕಲ್ಲ. ಕೈಯಲ್ಲಿ ಆಸ್ಪತ್ರೆಯ ಚೀಟಿ ಇತ್ತು. 'ಟೀಚರ್, ರಿಮೂವ್ ಅಂದ್ರೆ ತೆಗಿಯೋದು ಅಲ್ವಾ? ಏನ್ ತೆಗೀತಾರಂತೆ ನೋಡ್ರೀ' ಎಂದರು. ಡಾಕ್ಟರೂ ಆಕೆಯ ಯಜಮಾನರೂ ಆಕೆಯ ಎದುರಿನಲ್ಲೇ ಕಾಲು ಗಂಟೆ ಇಂಗ್ಲಿಷಿನಲ್ಲಿ ಮಾತಾಡಿದ್ದರಂತೆ. ಆಕೆಗೆಂದು ಕನ್ನಡದಲ್ಲಿ ಬಂದ ಮಾತು ಒಂದೇ: 'ಏನೂ ಹೆದರ್ಕೋಬೇಡಿ ಅಮ್ಮಾ.' ಚೀಟಿಯಲ್ಲಿ ಬರೆದದ್ದು ಗರ್ಭಕೋಶ ತೆಗೆಯುವ ವಿಷಯ. ಆಕೆಗೆ ಮೂವತ್ತಾರು ವರ್ಷ. ನಾನು ಹೇಳಿದ ಮೇಲೆ ಆಕೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, 'ಹಂಗಾದ್ರೆ ಇನ್ನೊಬ್ಬ ಡಾಕ್ಟ್ರನ್ನ ಕೇಳ್ತೀನಿ' ಎಂದು ಎದ್ದು ಹೋದರು. ಮುಂದೆ ಏನು ನಿರ್ಧಾರ ಮಾಡಿದರೋ ಅದು ಆಕೆಯ ವಿಚಾರ. ಆದರೆ ಆ ನಿರ್ಧಾರದಲ್ಲಿ ಆಕೆಗೂ ಒಂದು ಬಾಯಿ ಇತ್ತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಆಕೆಗೆ ಇಂಗ್ಲಿಷ್ ಪದಗಳು ಗೊತ್ತಿಲ್ಲದೆ ಇರಲಿಲ್ಲ. ಬಿ.ಪಿ., ಶುಗರ್, ಸ್ಕ್ಯಾನಿಂಗ್, ಇಂಜೆಕ್ಷನ್ ಎಲ್ಲವೂ ಗೊತ್ತು. ಈ ಪದಗಳನ್ನು ಬೆರೆಸಿ ಕನ್ನಡದಲ್ಲಿ ಹೇಳಿದ್ದರೆ ಪೂರ್ತಿ ಅರ್ಥವಾಗುತ್ತಿತ್ತು. ಡಾಕ್ಟರು ಬೆರೆಸಲಿಲ್ಲ, ಭಾಷೆಯನ್ನೇ ಬದಲಾಯಿಸಿ ಬಾಗಿಲು ಹಾಕಿಕೊಂಡರು. ಬೆರಕೆ ಮಾತಿಗೆ ಬೈಯುವವರು ಈ ವ್ಯತ್ಯಾಸವನ್ನು ನೋಡುವುದಿಲ್ಲ. ಹೆಣ್ಣು ನೋಡಲು ಬಂದವರು ಹುಡುಗಿಯ ತಾಯಿಯ ಎದುರು ತಮ್ಮತಮ್ಮಲ್ಲೇ ಇಂಗ್ಲಿಷಿಗೆ ಹೊರಳುವುದು, ಅಜ್ಜಿಗೆ ತಿಳಿಯಬಾರದೆಂದು ಮೊಮ್ಮಕ್ಕಳು ಪಿಸುಗುಟ್ಟುವುದು, ಎಲ್ಲ ಇದೇ ಬಾಗಿಲಿನ ಬೇರೆ ಬೇರೆ ಚಿಲಕಗಳು. ಇಂಗ್ಲಿಷೇ ಆಗಬೇಕೆಂದೂ ಇಲ್ಲ. ಬೇರೆ ಮನೆಮಾತಿನ ಸೊಸೆ ಬಂದಾಗ ನಾಲ್ಕು ಜನ ಸೇರಿ ಅವಳಿಗೆ ತಿಳಿಯದ ತಮ್ಮ ಮಾತಿನಲ್ಲೇ ನಗುತ್ತಾ ಕೂತರೆ ಅದೂ ಕುದಿಯುವ ಹಾಲೇ.

ಇನ್ನೊಂದು ಬಗೆಯ ನಷ್ಟವೂ ಇದೆ. ಹೊಸ ಪದ ಬಂದಾಗ ನಮ್ಮ ಅನುಭವಕ್ಕೆ ಏನಾದರೂ ಕೂಡಿತೋ ಕಳೆಯಿತೋ ಎಂದು ಲೆಕ್ಕ ನೋಡಬೇಕು. 'ಟಿಕೆಟ್ಟು' ಬಂದಾಗ ಯಾವ ಪದವೂ ಸಾಯಲಿಲ್ಲ. 'ಆಂಟಿ' ಬಂದಾಗ ದೊಡ್ಡಮ್ಮ, ಚಿಕ್ಕಮ್ಮ, ಅತ್ತೆ, ಸೋದರತ್ತೆ ಎಲ್ಲರೂ ಒಂದೇ ಕೋಣೆಗೆ ಹೋದರು, ಜೊತೆಗೆ ಎದುರುಮನೆಯಾಕೆಯೂ! ಯಾರು ತಾಯಿಯ ಕಡೆ, ಯಾರು ತಂದೆಯ ಕಡೆ, ಯಾರ ಮಡಿಲಲ್ಲಿ ಹೋಗಿ ಅಳಬಹುದು ಎಂಬ ತಿಳಿವಳಿಕೆಯೆಲ್ಲ ಆ ಪದಗಳಲ್ಲಿತ್ತು. ಎಪ್ಪತ್ತೊಂಬತ್ತು ಎಂದರೆ 'ಸೆವೆಂಟಿ ನೈನಾ ಮಿಸ್?' ಎಂದು ಕೇಳುವ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಅವರ ಅಜ್ಜಿ ಸಂತೆಯಲ್ಲಿ ಬಾಯಿಲೆಕ್ಕ ಮಾಡುವುದು ಕನ್ನಡದಲ್ಲಿ. ಅಜ್ಜಿಯೂ ಮೊಮ್ಮಗಳೂ ಒಂದು ಚೀಲ ತರಕಾರಿಯ ಲೆಕ್ಕವನ್ನು ಒಟ್ಟಿಗೆ ಮಾಡಲಾರರು ಎಂದರೆ ಅದನ್ನು ಬೆರಕೆ ಎನ್ನಬೇಕೋ, ಕಡಿತ ಎನ್ನಬೇಕೋ?

ಆದ್ದರಿಂದ ಮಾತಿನ ಮಡಿಯನ್ನು ಕಾಯುವ ಕೆಲಸವನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಉರ್ದುವಿನ, ತೆಲುಗಿನ, ಲಂಬಾಣಿಯ ಮನೆಗಳಿಂದ ಬರುವ ಮಕ್ಕಳು ತಮ್ಮ ಪದವನ್ನು ತಂದು ಕನ್ನಡದ ವಾಕ್ಯದಲ್ಲಿ ಕೂರಿಸಿದರೆ ತಿದ್ದುವ ಮುನ್ನ ಅದೇನೆಂದು ಕೇಳಿಕೊಳ್ಳೋಣ. ಅತ್ತೆಯ ತಪ್ಪು ಇಂಗ್ಲಿಷಿಗೆ ಟಿ.ವಿ. ನಗಿಸಿದಾಗ ನಗದೆ ಇರೋಣ. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಮಕ್ಕಳ ಶಾಲೆಯ ಸಭೆಯಲ್ಲಿ ತಲೆಯ ಮೇಲಿಂದ ಮಾತು ಹಾದುಹೋದರೆ, 'ಸ್ವಲ್ಪ ತಡೀರಿ, ಇನ್ನೊಂದ್ಸಲ ಕನ್ನಡದಲ್ಲಿ ಹೇಳಿ' ಎಂದು ಬಾಯಿಬಿಟ್ಟು ಕೇಳೋಣ. ಅದರಲ್ಲಿ ನಾಲ್ಕು ಇಂಗ್ಲಿಷ್ ಪದ ಬೆರೆತಿದ್ದರೂ ಚಿಂತೆಯಿಲ್ಲ. ಹೇಳಿದ್ದು ನಮಗೆ ಹೇಳಿದಂತಿರಬೇಕು, ಅಷ್ಟೆ.