ಶಾಲೆ ನೋಡುವ ಶಾಸ್ತ್ರ

ಹೆಣ್ಣು ನೋಡುವ ಶಾಸ್ತ್ರ ನಮಗೆಲ್ಲ ಗೊತ್ತು. ಈಗ ಶಾಲೆ ನೋಡುವ ಶಾಸ್ತ್ರವೂ ಬಂದಿದೆ. ಮಗಳನ್ನು ಒಂದನೇ ತರಗತಿಗೆ ಸೇರಿಸಲು ಶಿವಮೊಗ್ಗದ ವಿನೋಬನಗರದ ಸುತ್ತಮುತ್ತ ಮೂರು ಖಾಸಗಿ ಶಾಲೆಗಳಿಗೆ ಹೋಗಿ ಬಂದೆವು. ನೋಡಲು ಹೋದವರು ನಾವು. ನೋಡಿಸಿಕೊಂಡು ಬಂದವರೂ ನಾವೇ.

ಒಂದು ಶಾಲೆಯವರು ಬಸ್ಸು, ಕಂಪ್ಯೂಟರ್ ಕೊಠಡಿ, ಸಿಸಿಟಿವಿ ಎಲ್ಲವನ್ನೂ ತೋರಿಸಿದರು. ಪಾಠ ನಡೆಯುತ್ತಿದ್ದ ತರಗತಿಯ ಬಾಗಿಲು ಮಾತ್ರ ತೆರೆಯಲಿಲ್ಲ. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, ಎಷ್ಟು ಓದಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಉರ್ದು ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಅವಳು ಕನ್ನಡದಲ್ಲಿ ಉತ್ತರಿಸಿದಳು. ಅವರು ಏನನ್ನೋ ಬರೆದುಕೊಂಡರು. ಮನೆಗೆ ಬರುವ ದಾರಿಯಲ್ಲಿ ಮಗಳು ಕೇಳಿದಳು: “ಅಮ್ಮಿ ಫೇಲಾದರಾ?”

ಪ್ರವೇಶಕ್ಕಾಗಿ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಹೀಗೆ ಪರೀಕ್ಷಿಸಿ ಆರಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ನಿಷೇಧಿಸಿದೆ. ಮೊದಲ ಸಲ ತಪ್ಪಿದರೆ 25,000 ರೂಪಾಯಿವರೆಗೆ, ಮತ್ತೆ ತಪ್ಪಿದರೆ ಪ್ರತಿ ಸಲವೂ 50,000 ರೂಪಾಯಿವರೆಗೆ ದಂಡ. 2014ರ ಮೇ 6ರಂದು ಸುಪ್ರೀಂ ಕೋರ್ಟು ಅಲ್ಪಸಂಖ್ಯಾತರ ಸಂಸ್ಥೆಗಳನ್ನು ಈ ಕಾಯ್ದೆಯಿಂದ ಹೊರಗಿಟ್ಟಿತು. ಕಾನೂನು ಬಿಟ್ಟ ಮಾತ್ರಕ್ಕೆ ಇನ್ಸಾಫ್ ಬಿಡುತ್ತದೆಯೆ? ನಮ್ಮ ಸಮುದಾಯದ ಆಡಳಿತ ಮಂಡಳಿಗಳು ತಮ್ಮನ್ನೇ ಕೇಳಿಕೊಳ್ಳಲಿ.

ಅದೇ ದಿನ ಅದೇ ಕೋರ್ಟು ಇನ್ನೊಂದು ತೀರ್ಪನ್ನೂ ಕೊಟ್ಟಿತು. ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲೇ ಆಗಬೇಕೆಂದು ಕರ್ನಾಟಕ ಸರ್ಕಾರ ಖಾಸಗಿ ಶಾಲೆಗಳ ಮೇಲೆ ಹೇರುವಂತಿಲ್ಲ, ಆಯ್ಕೆ ಪಾಲಕರದು ಎಂದಿತು. ಆಯ್ಕೆಯೇನೋ ನಮ್ಮದಾಯಿತು. ನಾವು ನಿಜವಾಗಿ ಆರಿಸುತ್ತಿದ್ದೇವೆಯೆ, ಅಥವಾ ಪಕ್ಕದ ಮನೆಯ ಮಕ್ಕಳು ಹತ್ತಿದ ಬಸ್ಸಿಗೇ ನಮ್ಮ ಮಕ್ಕಳನ್ನೂ ಹತ್ತಿಸುತ್ತಿದ್ದೇವೆಯೆ?

2018ರಲ್ಲಿ ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಚಿತ್ರ ಬಂತು. ತಮ್ಮ ಕನ್ನಡ ಶಾಲೆಯನ್ನು ಉಳಿಸಿಕೊಳ್ಳಲು ಹೊರಟ ಆ ಮಕ್ಕಳಿಗೆ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ನಾನು ಓದಿದ್ದು ಸರ್ಕಾರಿ ಉರ್ದು ಶಾಲೆಯಲ್ಲಿ, ಮುಂದೆ ಕನ್ನಡದಲ್ಲಿ. ಕಥೆ ಬರೆಯಲು ಎರಡು ಭಾಷೆಗಳ ಕಸುವು ಸಿಕ್ಕಿದ್ದು ಅಲ್ಲಿಂದಲೇ. ಆದರೂ ನಮ್ಮ ಪಟ್ಟಿಯಲ್ಲಿ ಒಂದೂ ಸರ್ಕಾರಿ ಶಾಲೆ ಇರಲಿಲ್ಲ. ಒಳಗೆ ಕಾಲಿಡದೆಯೇ ಅದನ್ನು ಫೇಲು ಮಾಡಿದ್ದೆವು. ಒಂದು ಉತ್ತರದಲ್ಲಿ ನನ್ನ ಹೆಂಡತಿಯನ್ನು ಅಳೆದವರಿಗೂ ನನಗೂ ಏನು ವ್ಯತ್ಯಾಸ?

ಈಗ ಪಟ್ಟಿಗೆ ನಾಲ್ಕನೆಯ ಶಾಲೆಯನ್ನು ಸೇರಿಸಿದ್ದೇನೆ. ಎಲ್ಲಿಗೆ ಹೋದರೂ ಈ ಸಲ ಕೇಳುವವರು ನಾವು. ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು? ಶೌಚಾಲಯದಲ್ಲಿ ನೀರಿದೆಯೆ? ಮಗು ತಪ್ಪು ಉತ್ತರ ಹೇಳಿದರೆ ಏನು ಮಾಡುತ್ತೀರಿ? ಕೊನೆಯ ಪ್ರಶ್ನೆಯನ್ನು ಅಮ್ಮಿಯೇ ಕೇಳಲಿ, ಕನ್ನಡದಲ್ಲಿ, ಮಗಳ ಎದುರಿಗೇ.